ತೀರ್ಥನ್ ನದಿಯ ಟ್ರೌಟ್: ಋತುವಿಗೊಂದು ನೊಣ

ಫ್ಲೈ ಫಿಶಿಂಗ್ ಎಂದರೆ ನೊಣದಂತೆ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯುವುದು. ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುವ ಮಾಮೂಲಿ ಗಾಳದಲ್ಲಿ ಸೀಸದ ಗುಂಡು ತನ್ನ ಭಾರದಿಂದ ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ಇಲ್ಲಿ ಕೊಕ್ಕೆಯ ತುದಿಯಲ್ಲಿರುವುದು ಗರಿ, ಕೂದಲು, ನೂಲುಗಳ ಒಂದು ಚೂರು. ಅದಕ್ಕೆ ಭಾರವೇ ಇಲ್ಲ. ಹಾಗಾಗಿ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿ, ಕೋಲಿನಿಂದ ಅದನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿಗೆ ಹಾಸುತ್ತಾರೆ. ದಾರ ಹೋದಲ್ಲಿಗೆ ನೊಣ ಹೋಗುತ್ತದೆ. ಉಳಿದದ್ದೆಲ್ಲ ನದಿಯಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಕೆಲಸ. ನೀರಿನ ತಂಪು, ಹರಿವು, ಬಣ್ಣ ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಮೀನು ಎಲ್ಲಿ ನಿಲ್ಲುತ್ತದೆ, ಏನು ತಿನ್ನುತ್ತದೆ ಎಂಬುದು ಅದರ ಜೊತೆಗೇ ಬದಲಾಗುತ್ತದೆ.

ಭಾರತದಲ್ಲಿ ಇದನ್ನು ಕಲಿಯಲು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್‌ಗಿಂತ ಒಳ್ಳೆಯ ನದಿ ಸಿಗುವುದು ಕಷ್ಟ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿನ ಹಿಮದ ಎತ್ತರದಲ್ಲಿ ಹುಟ್ಟಿ, ಗುಶೈಣಿಯಲ್ಲಿ ಫಲಾಚನ್ ಹೊಳೆಯನ್ನು ಕೂಡಿಸಿಕೊಂಡು, ನಾಗಿಣಿ, ಬಂಜಾರ್ ಕಡೆಯಿಂದ ಇಳಿದು, ಲಾರ್ಜಿಯ ಬಳಿ ಅದು ಬಿಯಾಸ್ ನದಿಯ ಪಾಲಾಗುತ್ತದೆ. ಹಿಮಾಚಲದ ಬಹುಪಾಲು ನದಿಗಳು ಸುರಂಗ, ಅಣೆಕಟ್ಟುಗಳಿಗೆ ಸಿಕ್ಕಿ ನೀರು ಕಳೆದುಕೊಂಡಿವೆ. ತೀರ್ಥನ್ ಮಾತ್ರ ಹಾಗಾಗಲಿಲ್ಲ. ಮಾಜಿ ಶಾಸಕ ದಿಲೇರಾಂ ಶಬಾಬ್ ಮುಂದಾಳತ್ವದಲ್ಲಿ ಕಣಿವೆಯ ಜನ ಜಲವಿದ್ಯುತ್ ಯೋಜನೆಗಳ ವಿರುದ್ಧ ನ್ಯಾಯಾಲಯದವರೆಗೂ ಹೋದರು. ಆ ವಾದದಲ್ಲಿ ಟ್ರೌಟ್ ಮೀನೂ ಒಂದು ಕಾರಣವಾಗಿತ್ತು.

ಟ್ರೌಟ್ ಈ ನೆಲದ ಮೀನಲ್ಲ ಎಂಬುದು ಇದರಲ್ಲಿನ ತಮಾಷೆ. ಬ್ರೌನ್ ಟ್ರೌಟ್ ಮೊಟ್ಟೆಗಳನ್ನು ಬ್ರಿಟಿಷರು ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ತಂದು 1900ರ ಸುಮಾರಿಗೆ ಕಾಶ್ಮೀರದಲ್ಲಿ ಮರಿ ಮಾಡಿಸಿದರು. ಅಲ್ಲಿಂದ 1909ರಲ್ಲಿ ಕುಲ್ಲು ಕಣಿವೆಗೆ ಮೊಟ್ಟೆಗಳು ಬಂದವು. ಕಟ್ರೈನ್ ಬಳಿಯ ಮಹಿಲಿಯಲ್ಲಿ ಮರಿಕೇಂದ್ರವಾಯಿತು. ದಕ್ಷಿಣದಲ್ಲಿ ಸುಮಾರು ಅದೇ ಕಾಲಕ್ಕೆ ನೀಲಗಿರಿಯ ಅವಲಾಂಚಿಯಲ್ಲಿ ಎಚ್. ಸಿ. ವಿಲ್ಸನ್ ರೇನ್‌ಬೋ ಟ್ರೌಟನ್ನು ನೆಲೆಗೊಳಿಸಿದರು. ಕಾವೇರಿ, ತುಂಗೆ, ಶರಾವತಿಗಳಲ್ಲಿ ಟ್ರೌಟ್ ಬದುಕಲಾರದು. ಅದಕ್ಕೆ ಬೇಕಾದದ್ದು 10ರಿಂದ 16 ಡಿಗ್ರಿ ಸೆಲ್ಸಿಯಸ್‌ನ ನೀರು. 20 ದಾಟಿದರೆ ಅದು ಮೇವು ಬಿಟ್ಟು ಒದ್ದಾಡುತ್ತದೆ. 25ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ತಣ್ಣೀರು ಆಮ್ಲಜನಕವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದೇ ಇದರ ಹಿಂದಿನ ಮುಖ್ಯ ಕಾರಣ. ಸಮುದ್ರಮಟ್ಟದ ಒತ್ತಡದಲ್ಲಿ 5 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ 12.8 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 25 ಡಿಗ್ರಿಯ ನೀರಿನಲ್ಲಿ 8.3 ಮಾತ್ರ.

ಮೀನನ್ನು ಗುರುತಿಸುವುದು

ತೀರ್ಥನ್‌ನಲ್ಲಿ ಎರಡೂ ಜಾತಿ ಉಂಟು. ಬ್ರೌನ್ ಟ್ರೌಟ್ ಹಳದಿ ಬೆರೆತ ಕಂದು ಮೈಯದು. ಅದರ ಮೇಲೆ ಕಪ್ಪು ಚುಕ್ಕೆ, ಕೆಂಪು ಚುಕ್ಕೆ, ಕೆಂಪಿನ ಸುತ್ತ ತಿಳಿಬಣ್ಣದ ಉಂಗುರ. ರೇನ್‌ಬೋ ಮೀನಿನ ಪಕ್ಕದಲ್ಲಿ ಗುಲಾಬಿ ಪಟ್ಟಿ ಹರಿದಿರುತ್ತದೆ, ಬಾಲದ ಮೇಲೂ ಕಪ್ಪು ಚುಕ್ಕೆ ಇರುತ್ತವೆ. ಸಾಕಣೆಯ ಕೊಳಗಳಲ್ಲಿ ಬೆಳೆಸುವುದು ರೇನ್‌ಬೋ. ಹೋಟೆಲಿನ ತಟ್ಟೆಗೆ ಬರುವುದು ಸಾಮಾನ್ಯವಾಗಿ ಅದೇ. ಪ್ರವಾಹ ಬಂದು ಕೊಳಗಳು ಒಡೆದಾಗ ಅದು ನದಿಗೂ ಸೇರುತ್ತದೆ. ನದಿಯಲ್ಲೇ ಹುಟ್ಟಿ ತಲೆಮಾರುಗಳಿಂದ ಬೆಳೆದು ಬಂದದ್ದು ಬ್ರೌನ್. ಅದು ಅನುಮಾನದ ಮೀನು, ಹಿಡಿಯುವುದು ಕಷ್ಟ, ಆದ್ದರಿಂದಲೇ ಹಿಡಿಯಲು ಯೋಗ್ಯ. ಸಿಗುವ ಹೆಚ್ಚಿನ ಮೀನು ಅರ್ಧ ಕಿಲೋಗೂ ಕಡಿಮೆ ತೂಗುತ್ತದೆ. ದೊಡ್ಡ ಮೀನಿನ ಫೋಟೋ ಬೇಕೆನ್ನುವವರಿಗೆ ಇದು ತಕ್ಕ ನದಿಯಲ್ಲ. ಸ್ನೋ ಟ್ರೌಟ್ ಎಂದು ಕರೆಯುವ ಇನ್ನೊಂದು ಮೀನೂ ಹಿಮಾಲಯದ ನದಿಗಳಲ್ಲಿದೆ. ಅದು ಈ ನೆಲದ್ದೇ, ಆದರೆ ಹೆಸರಿಗಷ್ಟೇ ಟ್ರೌಟ್. ವಂಶದಿಂದ ನಮ್ಮ ಗೆಂಡೆ, ಕಟ್ಲಾಗಳ ಬಳಗದ್ದು.

ಹರಿಯುವ ನೀರಿನಲ್ಲಿ ಟ್ರೌಟ್ ಸದಾ ಮೇಲ್‌ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಊಟ ತೇಲಿಬರುವುದು ಆ ಕಡೆಯಿಂದ. ಹೊರಗಿನ ಜಗತ್ತನ್ನು ಅದು ನೋಡುವುದು ನೆತ್ತಿಯ ಮೇಲಿನ ಒಂದು ದುಂಡು ಕಿಟಕಿಯಿಂದ. ಬೆಳಕು ನೀರಿನೊಳಗೆ ಬಾಗುವುದರಿಂದ ಈ ಕಿಟಕಿ ಸುಮಾರು 97 ಡಿಗ್ರಿಯಷ್ಟು ಅಗಲವಿರುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ನೀರಿನ ಮೇಲೆ ಸುಮಾರು ಎರಡೂಕಾಲು ಮೀಟರ್ ಅಡ್ಡಳತೆಯ ವೃತ್ತದೊಳಗೆ ಆಕಾಶ, ದಡ, ಮರ ಎಲ್ಲವೂ ಮುದುಡಿಕೊಂಡು ಕಾಣುತ್ತವೆ. ವೃತ್ತದ ಅಂಚಿನಲ್ಲಿ ಚಿತ್ರ ಚಪ್ಪಟೆಯಾಗಿ ಮಸುಕಾಗುತ್ತದೆ. ಅದಕ್ಕೇ ಬಗ್ಗಿ ನಡೆಯುವವರಿಗೆ, ಮೀನಿನ ಬೆನ್ನ ಹಿಂದಿನಿಂದ, ಅಂದರೆ ಕೆಳಹರಿವಿನಿಂದ ಮೇಲಕ್ಕೆ ಹೋಗುವವರಿಗೆ ಮೀನು ಸಿಗುತ್ತದೆ. ಬಂಡೆಯ ಮೇಲೆ ನೆಟ್ಟಗೆ ನಿಂತವರಿಗೆ ಬರೀ ನದಿಯ ನೋಟ.

ಸಲಕರಣೆ

ಕೋಲು ಎಂಟೂವರೆಯಿಂದ ಒಂಬತ್ತು ಅಡಿ ಉದ್ದ, ನಾಲ್ಕು ಅಥವಾ ಐದನೆಯ ತೂಕದ್ದು ಸಾಕು. ಈ ಸಂಖ್ಯೆ ಕೋಲಿನ ತೂಕವಲ್ಲ, ಅದು ಬೀಸಬಲ್ಲ ದಾರದ್ದು. ಐದನೆಯ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು ಒಂಬತ್ತು ಗ್ರಾಂ ತೂಗುತ್ತದೆ. ಕೋಲಿಗೂ ದಾರಕ್ಕೂ ಸಂಖ್ಯೆ ತಾಳೆಯಾಗದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಬೀಸು ಸರಿಹೋಗುವುದಿಲ್ಲ. ತೇಲುವ ದಾರ ತೆಗೆದುಕೊಂಡರೆ ಈ ನದಿಯ ಎಲ್ಲ ಕೆಲಸಕ್ಕೂ ಆಯಿತು. ರೀಲಿಗೆ ದುಡ್ಡು ಸುರಿಯುವುದು ದಂಡ. ಅರ್ಧ ಕಿಲೋ ಮೀನಿನ ಮುಂದೆ ಅದಕ್ಕಿರುವ ಕೆಲಸ ದಾರ ಸುತ್ತಿಟ್ಟುಕೊಳ್ಳುವುದಷ್ಟೇ. ಆ ಹಣದಲ್ಲಿ ನೀರಿನ ಥರ್ಮಾಮೀಟರ್ ಮತ್ತು ನೀರಿನ ಮೇಲಿನ ಹೊಳಪನ್ನು ಕಡಿಯುವ ಪೋಲರಾಯ್ಡ್ ಕನ್ನಡಕ ಕೊಳ್ಳುವುದು ಮೇಲು.

ದಪ್ಪ ದಾರದ ತುದಿಗೆ ಒಂಬತ್ತು ಅಡಿಯ, ಕಡೆಕಡೆಗೆ ಸಣ್ಣದಾಗುತ್ತ ಹೋಗುವ ನೈಲಾನ್ ಎಳೆ ಕಟ್ಟಬೇಕು. ಇದಕ್ಕೆ ಲೀಡರ್ ಎನ್ನುತ್ತಾರೆ. ಅದರ ಕೊನೆಯ ಒಂದೆರಡು ಅಡಿ ಟಿಪ್ಪೆಟ್. ಟಿಪ್ಪೆಟ್ಟಿನ ದಪ್ಪವನ್ನು 4 ಎಕ್ಸ್, 5 ಎಕ್ಸ್ ಎಂದು ಗುರುತಿಸುತ್ತಾರೆ. ಸಂಖ್ಯೆ ಏರಿದಂತೆ ಎಳೆ ತೆಳು. 4 ಎಕ್ಸ್ ಸುಮಾರು 0.18 ಮಿಲಿಮೀಟರ್, 6 ಎಕ್ಸ್ ಸುಮಾರು 0.13. ಕೊಕ್ಕೆಯ ಲೆಕ್ಕವೂ ಹೀಗೇ ತಲೆಕೆಳಗು: 18 ಎಂದರೆ ಅಕ್ಕಿಕಾಳಿನಷ್ಟು ಸಣ್ಣ ನೊಣ, 8 ಎಂದರೆ ದೊಡ್ಡದು.

ನೊಣಗಳ ಹೆಸರು ನೂರಾರಿದ್ದರೂ ಪೆಟ್ಟಿಗೆಯಲ್ಲಿ ಇರಬೇಕಾದವು ಕೆಲವೇ. ಏಕೆಂದರೆ ಬೆಟ್ಟದ ತೊರೆಯ ಟ್ರೌಟ್ ತಿನ್ನುವುದು ಮುಖ್ಯವಾಗಿ ಮೂರು ಬಗೆಯ ಕೀಟಗಳನ್ನು: ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ. ಇವು ಬದುಕಿನ ಹೆಚ್ಚಿನ ಪಾಲನ್ನು ನೀರಿನಡಿಯ ಕಲ್ಲುಗಳಲ್ಲಿ ಮರಿಯಾಗಿ ಕಳೆದು, ಕೊನೆಗೆ ರೆಕ್ಕೆ ಮೂಡಿ ಹೊರಬರುತ್ತವೆ. ರೆಕ್ಕೆ ಬಂದ ಮೇಫ್ಲೈಗೆ ಉಣ್ಣಲು ಬಾಯಿಯೂ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ಒಂದೆರಡು ದಿನದೊಳಗೆ ಸಾಯುತ್ತದೆ. ನೊಣ ಮೇಲೆ ಕಾಣುವುದು ಕೆಲವೇ ಹೊತ್ತು, ಮರಿ ಕೆಳಗಿರುವುದು ವರ್ಷವಿಡೀ. ಆದ್ದರಿಂದ ಟ್ರೌಟಿನ ಊಟದ ದೊಡ್ಡ ಪಾಲು ನೀರೊಳಗೇ ನಡೆಯುತ್ತದೆ. ಮುಳುಗುವ ಮರಿನೊಣಕ್ಕೆ ನಿಂಫ್ ಎಂದೂ ತೇಲುವುದಕ್ಕೆ ಡ್ರೈ ಫ್ಲೈ ಎಂದೂ ಹೆಸರು. ನಿಂಫ್‌ಗಳಲ್ಲಿ ಫೆಸೆಂಟ್ ಟೈಲ್ ಮತ್ತು ಹೇರ್ಸ್ ಇಯರ್, ತೇಲುವವುಗಳಲ್ಲಿ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, ಸಣ್ಣ ಮೀನಿನಂತೆ ಈಜುವ ವೂಲಿ ಬಗ್ಗರ್: ಇಷ್ಟಿದ್ದರೆ ಆಯಿತು. ಫೆಸೆಂಟ್ ಟೈಲ್ ಕಟ್ಟಿದವರು ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್. ಅವರು ನೂಲನ್ನೇ ಬಿಟ್ಟು ತೆಳುವಾದ ತಾಮ್ರದ ತಂತಿಯಿಂದ ಗರಿಯನ್ನು ಸುತ್ತಿದರು. ಕಟ್ಟೂ ಬಿಗಿಯಾಯಿತು, ಮುಳುಗಲು ಭಾರವೂ ಸಿಕ್ಕಿತು.

ನೀರನ್ನು ಓದುವುದು, ದಾರ ಬೀಸುವುದು

ತೀರ್ಥನ್ ಬಂಡೆಗಳ ನದಿ. ನೊರೆಯೆಬ್ಬಿಸುವ ಇಳಿಜಾರು, ಅದರ ಕೆಳಗೊಂದು ಮಡು, ಮಡುವಿನ ಬಾಲದಲ್ಲಿ ತೆಳುನೀರು, ಮತ್ತೆ ಇಳಿಜಾರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೀನಿಗೆ ಮೂರು ಬೇಕು: ಕಡಿಮೆ ಶ್ರಮದಲ್ಲಿ ನಿಲ್ಲುವ ತಾವು, ತೇಲಿಬರುವ ಊಟ, ಹತ್ತಿರದಲ್ಲೇ ಅಡಗುವ ಆಳ. ಮೂರೂ ಒಟ್ಟಿಗೆ ಸಿಗುವುದು ಜೋರು ಸೆಳವು ಮತ್ತು ನಿಧಾನ ನೀರು ತಾಗುವ ಗಡಿಯಲ್ಲಿ. ನೊರೆಯ ಗೆರೆ ಎಲ್ಲಿ ಹೋಗುತ್ತದೋ ಊಟವೂ ಅಲ್ಲೇ ಹೋಗುತ್ತದೆ. ಬಂಡೆಯ ಹಿಂದೆ ಮಾತ್ರ ಮೀನಿರುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಬಂಡೆಯ ಮುಂದೆಯೂ ನೀರು ಗುದ್ದಿ ಹಿಂಜರಿಯುವಲ್ಲಿ ಒಂದು ಮೆತ್ತೆಯಂಥ ಜಾಗವಿರುತ್ತದೆ, ಅನೇಕ ಸಲ ಒಳ್ಳೆಯ ಮೀನು ಅಲ್ಲೇ ನಿಂತಿರುತ್ತದೆ.

ಬೀಸುವುದನ್ನು ನದಿಗಿಂತ ಮೊದಲು ಬಯಲಿನಲ್ಲಿ ಕಲಿಯುವುದು ಲೇಸು. ಕೋಲು ಗಡಿಯಾರದ ಮುಳ್ಳಿನಂತೆ ಮುಂದೆ ಹತ್ತು ಗಂಟೆ, ಹಿಂದೆ ಒಂದು ಗಂಟೆಯ ನಡುವೆ ಆಡಬೇಕು. ಎರಡೂ ಕೊನೆಯಲ್ಲಿ ಗಕ್ಕನೆ ನಿಲ್ಲಬೇಕು. ಹಿಂದೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಬಹುತೇಕರ ಬೀಸು ಕೆಡುವುದು ಈ ಕಾಯುವಿಕೆ ಇಲ್ಲದ್ದರಿಂದ ಮತ್ತು ಮಣಿಕಟ್ಟನ್ನು ಬಗ್ಗಿಸುವುದರಿಂದ. ಬಲ ಸಾಲದೆ ಕೆಟ್ಟದ್ದು ಅಪರೂಪ. ತೀರ್ಥನ್ ದಡದಲ್ಲಿ ಬೆನ್ನಿಗೇ ಮರಗಳಿರುವುದರಿಂದ ಹಿಂದಕ್ಕೆ ಬೀಸಲು ಜಾಗವಿಲ್ಲದ ಕಡೆಗಳೇ ಹೆಚ್ಚು. ಅಲ್ಲಿ ರೋಲ್ ಕ್ಯಾಸ್ಟ್ ಬೇಕು. ದಾರವನ್ನು ನೀರಿನ ಮೇಲೆ ನಿಧಾನವಾಗಿ ಎಳೆದು, ಕೋಲಿನ ಹಿಂದೆ ಇಳಿಬಿದ್ದ ಬಾಗು ಮೂಡಿದಾಗ ಮುಂದಕ್ಕೆ ಒತ್ತಿದರೆ ಅದು ಚಕ್ರದಂತೆ ಉರುಳಿ ಹೋಗುತ್ತದೆ. ಹತ್ತು ಹನ್ನೆರಡು ಮೀಟರ್ ಮೀರಿ ಎಸೆಯಬೇಕಾದ ಸಂದರ್ಭ ಇಲ್ಲಿ ಬರುವುದೇ ಕಡಿಮೆ.

ದೂರಕ್ಕಿಂತ ಮುಖ್ಯವಾದದ್ದು ನೊಣದ ಸಹಜ ತೇಲು. ನಡುವಿನ ಸೆಳವು ದಾರವನ್ನು ಎಳೆದರೆ ನೊಣ ನೀರನ್ನು ಸೀಳುತ್ತ ಓಡುತ್ತದೆ. ನಿಜವಾದ ಕೀಟ ಹಾಗೆ ಓಡುವುದಿಲ್ಲವೆಂದು ಮೀನಿಗೆ ಗೊತ್ತು. ದಾರ ಬಿದ್ದ ಕೂಡಲೇ ಕೋಲಿನ ತುದಿಯಿಂದ ಅದರ ನಡುಭಾಗವನ್ನು ಎತ್ತಿ ಮೇಲ್‌ಹರಿವಿಗೆ ಹಾಕುವುದು ಇದಕ್ಕೆ ಪರಿಹಾರ. ಇದನ್ನು ಮೆಂಡಿಂಗ್ ಎನ್ನುತ್ತಾರೆ.

ಮಾರ್ಚ್‌ನಿಂದ ಅಕ್ಟೋಬರ್

ಹಿಮಾಚಲದ ಟ್ರೌಟ್ ನೀರುಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮೀನು ಹಿಡಿಯುವುದು ನಿಷಿದ್ಧ. ಮಾರ್ಚ್‌ನಲ್ಲಿ ನದಿ ತೆರೆದಾಗ ನೀರು ತಿಳಿಯಾಗಿ ಕಡಿಮೆಯಿರುತ್ತದೆ, ಆದರೆ ಕೊರೆಯುವಷ್ಟು ತಂಪು. ಟ್ರೌಟಿನ ಮೈಶಾಖ ನೀರಿನದೇ ಆದ್ದರಿಂದ ಅದರ ಹಸಿವೂ ಮಂದ. ಮೀನು ಆಳದ ನಿಧಾನ ನೀರಿನಲ್ಲಿ ತಳ ಕಚ್ಚಿರುತ್ತದೆ, ಊಟಕ್ಕಾಗಿ ಅತ್ತಿತ್ತ ಹೋಗುವುದಿಲ್ಲ. ಬೆಳಗಿನ ಚಳಿಯಲ್ಲಿ ನಡುಗುತ್ತ ನಿಲ್ಲುವುದರಿಂದ ಲಾಭವಿಲ್ಲ. ಹನ್ನೊಂದರಿಂದ ಮೂರು ಗಂಟೆಯವರೆಗೆ, ಬಿಸಿಲು ಕಣಿವೆಯ ತಳ ಮುಟ್ಟಿದಾಗ, ಭಾರದ ನಿಂಫನ್ನು ತಳಕ್ಕೆ ತಾಗುವಂತೆ ಬಿಡಬೇಕು. ಕೊಕ್ಕೆ ಆಗೀಗ ಕಲ್ಲಿಗೆ ತಾಗದಿದ್ದರೆ ಅದು ಸಾಕಷ್ಟು ಮುಳುಗುತ್ತಿಲ್ಲವೆಂದೇ ಅರ್ಥ. ಮೀನು ಬಾಯಿ ಹಾಕಿದ್ದು ಈ ಚಳಿಯಲ್ಲಿ ಜಗ್ಗಿದಂತೆ ತಿಳಿಯುವುದಿಲ್ಲ. ತೇಲುತ್ತಿದ್ದ ದಾರ ಒಂದು ಕ್ಷಣ ನಿಂತಂತಾಗುತ್ತದೆ, ಅಷ್ಟೆ.

ಏಪ್ರಿಲ್ ಬಂದಂತೆ ನೀರು ಹತ್ತು ಡಿಗ್ರಿಯತ್ತ ಏರುತ್ತದೆ, ಕೀಟಗಳು ಮೇಲೇಳತೊಡಗುತ್ತವೆ. ಹೊಸಬರು ಹೋಗಬೇಕಾದದ್ದು ಈ ತಿಂಗಳು ಮತ್ತು ಮೇ ಮೊದಲ ಭಾಗ. ಮೀನು ಚಳಿಗಾಲದ ಉಪವಾಸ ಮುರಿಯುತ್ತಿರುತ್ತದೆ, ತಪ್ಪುಗಳನ್ನು ಮನ್ನಿಸುತ್ತದೆ. ಇಂಥದೇ ನೊಣ ಬೇಕೆಂಬ ಹಟ ಅದಕ್ಕಿನ್ನೂ ಬಂದಿರುವುದಿಲ್ಲ. ಒಂದು ಕಲ್ಲನ್ನು ಎತ್ತಿ ಅಡಿಯಲ್ಲಿ ಅಂಟಿಕೊಂಡ ಮರಿಹುಳುಗಳ ಗಾತ್ರವನ್ನೂ ಬಣ್ಣವನ್ನೂ ನೋಡಿ, ಅದಕ್ಕೆ ಹೊಂದುವ ನಿಂಫ್ ಆರಿಸಿಕೊಂಡು, ಕಲ್ಲನ್ನು ಇದ್ದಂತೆಯೇ ಇಟ್ಟುಬಿಡುವುದು ಒಳ್ಳೆಯ ಅಭ್ಯಾಸ. ಮಧ್ಯಾಹ್ನ ನೀರಿನ ಮೇಲೆ ಉಂಗುರಗಳು ಕಾಣಿಸಿದರೆ ಡ್ರೈ ಫ್ಲೈ ಕಟ್ಟಬಹುದು. ಉಂಗುರದ ಜೊತೆ ಒಂದು ಗುಳ್ಳೆ ಉಳಿದರೆ ಮೀನು ಮೇಲ್ಮೈಯಿಂದಲೇ ತಿಂದಿದೆ. ಬೆನ್ನು ಮಾತ್ರ ಕಂಡು ಗುಳ್ಳೆ ಇಲ್ಲದಿದ್ದರೆ, ಮೇಲೇಳುತ್ತಿರುವ ಮರಿಯನ್ನು ನೀರಿನ ತೊಗಲಿನ ಕೆಳಗೇ ಹಿಡಿಯುತ್ತಿದೆ. ಹಾಗಿದ್ದಾಗ ತೇಲುವ ನೊಣವನ್ನು ಎಷ್ಟು ಚೆಂದವಾಗಿ ಎಸೆದರೂ ಅದು ತಿರುಗಿ ನೋಡುವುದಿಲ್ಲ.

ಮೇ ನಡುವಿನಿಂದ ಜೂನ್‌ವರೆಗೆ ನದಿಗೆ ದಿನದೊಳಗೇ ಏರಿಳಿತ. ಹಗಲು ಕರಗಿದ ಹಿಮ ಗಂಟೆಗಳಷ್ಟು ತಡವಾಗಿ ಕೆಳಗೆ ತಲುಪುತ್ತದೆ. ಬೆಳಿಗ್ಗೆ ಮೊಣಕಾಲುದ್ದ ತಿಳಿನೀರಿದ್ದಲ್ಲಿ ಇಳಿಹೊತ್ತಿಗೆ ಹಸಿರುಬೂದಿ ಬಣ್ಣದ ನೀರು ತೊಡೆಯವರೆಗೆ ಬಂದಿರಬಹುದು. ಬೆಳಿಗ್ಗೆ ಸುಲಭವಾಗಿ ದಾಟಿದ ಹೊಳೆಯನ್ನು ಸಂಜೆ ಮರಳಿ ದಾಟಲಾಗದೆ ಸಿಕ್ಕಿಬೀಳುವುದು ಈ ಕಾಲದ ಅಪಾಯ. ಬೆಳಗ್ಗೆ ಬೇಗ ಹೋಗಿ ಹತ್ತು ಗಂಟೆಯೊಳಗೆ ಮುಖ್ಯ ಕೆಲಸ ಮುಗಿಸುವುದು ಜಾಣತನ. ನೀರು ಏರಿದ ಮೇಲೆ ಮೀನು ನಡುಹೊಳೆ ಬಿಟ್ಟು ದಡದ ಅಂಚಿಗೆ, ಬೇರುಗಳ ನೆರಳಿಗೆ ಬರುತ್ತದೆ. ಆಗ ನೀರಿಗೆ ಇಳಿಯದೆ, ದಡದಿಂದಲೇ ಮೂರು ನಾಲ್ಕು ಮೀಟರ್ ದೂರಕ್ಕೆ ನೊಣ ಹಾಕಿದರೆ ಸಾಕು. ಮುಸ್ಸಂಜೆಯ ಕೊನೆಯ ಬೆಳಕಿನಲ್ಲಿ ಕ್ಯಾಡಿಸ್‌ಗಳು ಪತಂಗದಂತೆ ನೀರಿನ ಮೇಲೆ ಹಾರುತ್ತವೆ. ಎಲ್ಕ್ ಹೇರ್ ಕ್ಯಾಡಿಸ್‌ಗೆ ಇದು ಸುಗ್ಗಿ. ಆ ನೊಣದ ಟೊಳ್ಳು ಕೂದಲು ಗಾಳಿ ಹಿಡಿದಿಟ್ಟುಕೊಳ್ಳುವುದರಿಂದ ಒರಟು ನೀರಿನಲ್ಲೂ ಮುಳುಗುವುದಿಲ್ಲ.

ಜುಲೈ, ಆಗಸ್ಟ್ ಮಳೆಗಾಲ. ಕೆಸರುನೀರಿನಲ್ಲಿ ಮೀನಿಗೆ ನೊಣ ಕಾಣುವುದಿಲ್ಲ, ಮನುಷ್ಯನಿಗೆ ತಳ ಕಾಣುವುದಿಲ್ಲ. ಮಲೆನಾಡಿನವರು ಹೊಸನೀರಿಗೆ ಹತ್ತಿಬರುವ ಮೀನು ಹಿಡಿದ ಹುರುಪಿನಲ್ಲಿ ಇಲ್ಲಿಯೂ ಇಳಿಯಬಾರದು. ಮೇಲಿನ ಕಣಿವೆಯಲ್ಲಿ ಸುರಿದ ಮಳೆ ಕೆಳಗೆ ಒಣ ಆಕಾಶವಿದ್ದಾಗಲೇ ಬಂಡೆಗಳನ್ನು ಉರುಳಿಸಿಕೊಂಡು ಬರುತ್ತದೆ. 2023ರ ಜುಲೈಯಲ್ಲಿ ಕುಲ್ಲು ಜಿಲ್ಲೆಯ ನದಿಗಳು ಸೇತುವೆ, ಮನೆ, ರಸ್ತೆಗಳನ್ನು ಕೊಚ್ಚಿಕೊಂಡು ಹೋದದ್ದು ಇನ್ನೂ ಹಸಿಯಾದ ನೆನಪು. ಈ ಎರಡು ತಿಂಗಳು ಮನೆಯಲ್ಲಿ ಕೂತು ನೊಣ ಕಟ್ಟುವುದೇ ಸರಿ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಅಂತ್ಯದವರೆಗಿನದು ಬಲ್ಲವರ ಕಾಲ. ಮಳೆ ನಿಂತು, ಹಿಮ ಕರಗುವುದು ತಗ್ಗಿ, ನದಿ ಗಾಜಿನಂತಾಗುತ್ತದೆ. ಬೇಸಿಗೆಯಿಡೀ ಕೊಕ್ಕೆಗಳನ್ನು ಕಂಡು ಬುದ್ಧಿ ಕಲಿತ ಮೀನು ದಾರದ ನೆರಳಿಗೇ ಓಡುತ್ತದೆ. 12 ಅಡಿ ಲೀಡರ್, 6 ಎಕ್ಸ್ ಟಿಪ್ಪೆಟ್, 18ರ ಆಡಮ್ಸ್, ಮೊಣಕಾಲೂರಿ ಎಸೆಯುವ ತಾಳ್ಮೆ ಬೇಕು. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ಗಂಡು ಬ್ರೌನ್ ಟ್ರೌಟಿನ ಹೊಟ್ಟೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ಕೆಳದವಡೆ ಕೊಕ್ಕಿನಂತೆ ಬಾಗುತ್ತದೆ. ಜಾಗ ಕಾಯುವ ಸಿಟ್ಟಿನಲ್ಲಿ ಅದು ವೂಲಿ ಬಗ್ಗರ್‌ನಂಥ ದೊಡ್ಡ ನೊಣಕ್ಕೂ ಎರಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ಜೋಡಿಯಾಗಿ ತೆಳುನೀರಿನ ಜಲ್ಲಿಯ ಮೇಲೆ ನಿಂತ ಮೀನುಗಳು ಕಣ್ಣಿಗೆ ಬಿದ್ದರೆ, ಕಾನೂನಿನ ಗಡುವು ಬಾಕಿಯಿದ್ದರೂ ಅವನ್ನು ಬಿಟ್ಟು ಮುಂದೆ ಹೋಗುವುದು ಮರ್ಯಾದೆ.

ಪರವಾನಗಿ, ಮೀನನ್ನು ಬಿಡುವುದು

ರಾಜ್ಯದ ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ಕೋಲು ಬಿಚ್ಚುವಂತಿಲ್ಲ. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ಪರವಾನಗಿ ಪಡೆಯುವಾಗಲೇ ಕೇಳಿಕೊಳ್ಳಬೇಕು. ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಚಂಡೀಗಢ–ಮನಾಲಿ ಹೆದ್ದಾರಿಯಲ್ಲಿ ಔಟ್ ಸುರಂಗಕ್ಕೆ ಮೊದಲು ಬಲಕ್ಕೆ ತಿರುಗಿದರೆ ಲಾರ್ಜಿ, ಬಂಜಾರ್ ಮೇಲೆ ಗುಶೈಣಿ ಸಿಗುತ್ತದೆ. ಬೆಂಗಳೂರಿನಿಂದ ಹೋಗುವವರು ನಾಲ್ಕು ತುಂಡಾಗುವ ಕೋಲನ್ನು ಕೊಂಡರೆ ವಿಮಾನದ ಸಾಮಾನಿನಲ್ಲಿ ತೊಂದರೆಯಿಲ್ಲ.

ನದಿಯ ಮೀನನ್ನು ಹಿಡಿದು ಮರಳಿ ಬಿಡುವುದೇ ಈಗ ಒಪ್ಪಿತವಾದ ರೀತಿ. ತಿನ್ನಲು ಸಾಕಿದ ಟ್ರೌಟ್ ಕಣಿವೆಯಲ್ಲೇ ಸಿಗುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕುಳದಿಂದ ಮೊದಲೇ ಒತ್ತಿಬಿಟ್ಟರೆ ಬಿಡಿಸುವುದು ಒಂದು ಕ್ಷಣದ ಕೆಲಸ. ಒಣಗೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತು ಸೋಂಕಿಗೆ ದಾರಿ ಮಾಡುತ್ತದೆ, ಆದ್ದರಿಂದ ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು. ಕಿವಿರಿಗೆ ಬೆರಳು ತಾಗಬಾರದು. ಫೋಟೋಕ್ಕೆ ನೀರಿನಿಂದ ಎತ್ತಿದರೂ ಹತ್ತು ಎಣಿಸುವುದರೊಳಗೆ ಮರಳಿಸಬೇಕು. ಬಿಡುವಾಗ ತಲೆ ಮೇಲ್‌ಹರಿವಿಗೆ ಇರುವಂತೆ ಹಗುರವಾಗಿ ಆನಿಸಿಕೊಂಡರೆ ಅದು ಉಸಿರು ತಂದುಕೊಂಡು ತಾನಾಗಿ ಕೈ ಬಿಟ್ಟು ಹೋಗುತ್ತದೆ. ನೀರು 20 ಡಿಗ್ರಿಗೆ ಹತ್ತಿರವಿದ್ದರೆ ಬಿಟ್ಟ ಮೀನೂ ಉಳಿಯುವುದು ಅನುಮಾನ. ಅಂಥ ಹೊತ್ತಿನಲ್ಲಿ ಕೋಲನ್ನು ಮಡಚಬೇಕು.

ಚಳಿಗಾಲದ ನಿಷೇಧಕ್ಕೆ ಕಾರಣ ಜಲ್ಲಿಯ ಕೆಳಗಿದೆ. ನವೆಂಬರ್, ಡಿಸೆಂಬರ್‌ನಲ್ಲಿ ಹೆಣ್ಣು ಬ್ರೌನ್ ಟ್ರೌಟ್ ಪಕ್ಕಕ್ಕೆ ಹೊರಳಿ ಬಾಲದಿಂದ ಜಲ್ಲಿಯನ್ನು ಬಡಿದು ಗುಂಡಿ ತೋಡುತ್ತದೆ, ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಮರಿಯಾಗುವ ಅವಧಿ ನೀರಿನ ತಂಪಿಗೆ ಬಿಟ್ಟದ್ದು: ಹತ್ತು ಡಿಗ್ರಿಯಲ್ಲಿ ಆರು ವಾರದ ಸುಮಾರು, ಐದು ಡಿಗ್ರಿಯಲ್ಲಿ ಅದರ ಎರಡರಷ್ಟು. ಮೊಟ್ಟೆಯೊಡೆದ ಮೇಲೂ ಮರಿಗಳು ಹೊಟ್ಟೆಗಂಟಿದ ಭಂಡಾರದ ಚೀಲ ಕರಗುವ ತನಕ ಕೆಲವು ವಾರ ಜಲ್ಲಿಯೊಳಗೇ ಇರುತ್ತವೆ. ಅಂದರೆ ಮಾರ್ಚ್ ಮೊದಲ ದಿನ ಪರವಾನಗಿ ಹಿಡಿದು ಬಂದವರು ನೀರಿಗೆ ಇಳಿಯುವಾಗ, ಸುತ್ತಲಿನ ತಳಕ್ಕಿಂತ ತೊಳೆದಂತೆ ತಿಳಿಯಾಗಿ ಕಾಣುವ ಜಲ್ಲಿಯ ತಟ್ಟೆಗಳಲ್ಲಿ ಮರಿಗಳು ಇನ್ನೂ ಇವೆ. ಅವುಗಳ ಮೇಲೆ ಕಾಲಿಡದೆ, ದೊಡ್ಡ ಕಲ್ಲುಗಳ ಮೇಲಿನಿಂದಲೋ ದಡದಿಂದಲೋ ಸುತ್ತಿಹೋಗಬೇಕು.